ನಮ್ಮ ಸೀಮೆಯ ಕೆರೆ-ಕಟ್ಟೆಗಳು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಸಂಘ ಹುಟ್ಟಿದ ಕಥೆ, ಠೇವಣಿ ಬೆಳೆದ ಕಥೆ, ಗೋದಾಮು ಕಟ್ಟಿದ ಕಥೆ ಎಲ್ಲವನ್ನೂ ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ಅದನ್ನೇ ನಾವು ಮತ್ತೆ ಹೇಳಿದರೆ ನಿಮಗೆ ನಿದ್ದೆ ಬಂದೀತು. ನಮಗೆ ಆಡಳಿತ ಮಂಡಳಿಯವರು ಕೊಟ್ಟಿರುವ ವಿಷಯ ಕೆರೆ. ನಾವು ಎಸ್ಸೆಸ್ಸೆಲ್ಸಿಯವರೆಗೆ ಓದಿ ತೋಟಕ್ಕೆ ಇಳಿದವರು. ಪಂಡಿತರ ಹಾಗೆ ಹೇಳಲು ಬರುವುದಿಲ್ಲ. ಕಂಡದ್ದು, ಹಿರಿಯರಿಂದ ಕೇಳಿದ್ದು, ಪುಸ್ತಕದಲ್ಲಿ ಓದಿದ್ದು ಇಷ್ಟನ್ನು ಸೇರಿಸಿ ಹೇಳ್ತೀವಿ.

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲೂಕುಗಳಲ್ಲಿ ಕೆರೆಯ ಇತಿಹಾಸ ಅಂದ್ರೆ ಮೊದಲು ಎಲ್ಲರೂ ನಗ್ತಾರೆ. ಕೆರೆ ಇರುವುದು ಬಯಲುಸೀಮೆಯಲ್ಲಿ, ನಮಗೆ ಯಾಕೆ ಕೆರೆ, ಹೊಳೆ ಇಲ್ವೇ ಅಂತಾರೆ. ನಮ್ಮ ಜಿಲ್ಲೆಯಲ್ಲೇ ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆ ಇದೆ, ಕಡೂರು ಕಡೆ ಮದಗದ ಕೆರೆ ಇದೆ. ಅವು ಕೆರೆ ಅಂದ್ರೆ ಕೆರೆ. ಒಂದು ದಂಡೆಯಲ್ಲಿ ನಿಂತರೆ ಇನ್ನೊಂದು ದಂಡೆಯ ಮನುಷ್ಯ ಇರುವೆ ಹಾಗೆ ಕಾಣ್ತಾನೆ. ನಮ್ಮಲ್ಲಿ ಅಂಥದ್ದು ಇಲ್ಲ, ಇರಬೇಕಾಗಿಯೂ ಇರಲಿಲ್ಲ. ಎರಡು ಗುಡ್ಡದ ನಡುವಿನ ಸಣ್ಣ ಕಣಿವೆಗೆ ಒಂದು ಮಣ್ಣಿನ ಏರಿ ಹಾಕಿದರೆ ಅದೇ ಕೆರೆ. ಅದರ ಕೆಳಗೆ ನಾಲ್ಕು ಮನೆಯವರ ಗದ್ದೆ, ಗದ್ದೆಯ ಅಂಚಿನಲ್ಲಿ ತೋಟ. ಹಳ್ಳಕ್ಕೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ವರ್ಷಕ್ಕೊಮ್ಮೆ ಹಾಕುವುದು ಕಟ್ಟು. ಗುಡ್ಡದ ಒರತೆಯಿಂದ ಅಡಿಕೆ ದಂಬೆಯಲ್ಲಿ ಅಂಗಳಕ್ಕೆ ಬರುವುದು ಅಬ್ಬಿ ನೀರು. ಕೆರೆ, ಕಟ್ಟು, ಅಬ್ಬಿ ಈ ಮೂರರಲ್ಲಿ ಮಲೆನಾಡಿನವರ ನೀರಾವರಿ ಇಲಾಖೆ ಮುಗೀತು. ಅದಕ್ಕೆ ಇಂಜಿನಿಯರೂ ಇರಲಿಲ್ಲ, ಬಿಲ್ಲೂ ಇರಲಿಲ್ಲ.

ಮಳೆಯ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಆಗುಂಬೆಯ ಕಡೆಯಿಂದ ಹೊಡೆಯುವ ಮಳೆ ಶೃಂಗೇರಿಗೆ ಜಾಸ್ತಿ, ಕೊಪ್ಪಕ್ಕೆ ಅದಕ್ಕಿಂತ ಕಡಿಮೆ, ಎನ್.ಆರ್.ಪುರ ಮುಟ್ಟುವಾಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿರ್ತದೆ. ಹಾಗಾಗಿ ಶೃಂಗೇರಿ ಕಡೆಯವರಿಗೆ ಕೆರೆಗಿಂತ ಕಪ್ಪು ಮುಖ್ಯ, ಬಂದ ನೀರನ್ನು ತೋಟದಿಂದ ಹೊರಗೆ ಹಾಕುವುದೇ ಕೆಲಸ. ಎನ್.ಆರ್.ಪುರದ ಕಡೆ ಬಂದಹಾಗೆ ನೀರನ್ನು ಹಿಡಿದಿಡುವುದು ಕೆಲಸ. ಒಂದೇ ಮಲೆನಾಡು ಅಂತೀವಿ, ಆದರೆ ಮೂವತ್ತು ನಲವತ್ತು ಮೈಲಿಯೊಳಗೆ ನೀರಿನ ಕಷ್ಟ ತಲೆಕೆಳಗಾಗ್ತದೆ.

ಹಳೇ ಕಾಲದಲ್ಲಿ ಕೆರೆ ಕಟ್ಟಿಸಿದವರಿಗೆ, ಒಡೆದ ಕೆರೆ ದುರಸ್ತಿ ಮಾಡಿದವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿ ಇತ್ತು. ಶಾಸನಗಳಲ್ಲಿ ಅದನ್ನು ಕಟ್ಟುಕೊಡಗೆ ಅಂತ ಕರೆದಿದ್ದಾರೆ. ನಮ್ಮ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಸಾಹೇಬರು ಸೇರಿಸಿ, ಆಗ ಕಡೂರು ಜಿಲ್ಲೆ ಅಂತಿದ್ದ ನಮ್ಮ ಜಿಲ್ಲೆಯ ಸಂಪುಟವಾಗಿ 1901ರಲ್ಲಿ ಅಚ್ಚು ಹಾಕಿಸಿದ್ದಾರೆ. ಕೊಡಿಗೆ ಎಂಬ ಮಾತು ನಮಗೆ ಹೊಸದಲ್ಲ. ಕುವೆಂಪು ಅವರು 1904ರಲ್ಲಿ ಹುಟ್ಟಿದ್ದು ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, ಅವರ ತಾಯಿಯ ಮನೆ. ಕೊಡಿಗೆ ಅಂದರೆ ಯಾವುದೋ ಸೇವೆಗೆ ಬದಲಾಗಿ ಕೊಟ್ಟ ಭೂಮಿ. ಈ ಕಾಲದಲ್ಲಿ ಕೆರೆ ದುರಸ್ತಿ ಮಾಡಿದವನಿಗೆ ಯಾರೂ ಭೂಮಿ ಕೊಡುವುದಿಲ್ಲ, ಬದಲಿಗೆ ಕೆರೆಯ ಭೂಮಿಯನ್ನೇ ತೆಗೆದುಕೊಳ್ತಾರೆ. ಆ ವಿಷಯಕ್ಕೆ ಆಮೇಲೆ ಬರ್ತೀವಿ.

ಹೊಳೆಯ ಮಾತು ಹೇಳದೆ ಮುಂದೆ ಹೋದರೆ ತಪ್ಪಾಗ್ತದೆ. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ತಾವೆ. ತುಂಗೆ ನೆಮ್ಮಾರು, ಶೃಂಗೇರಿ, ಹರಿಹರಪುರದ ಮೇಲೆ ತೀರ್ಥಹಳ್ಳಿಗೆ ಹೋಗ್ತಾಳೆ. ಭದ್ರೆ ಕುದುರೆಮುಖ, ಕಳಸ ಸುತ್ತಿ ಬಾಳೆಹೊನ್ನೂರಿಗೆ ಬಂದು ಮುಂದೆ ಲಕ್ಕವಳ್ಳಿ ಅಣೆಕಟ್ಟಿನಲ್ಲಿ ನಿಲ್ಲುತ್ತಾಳೆ. ಶೃಂಗೇರಿಯಲ್ಲಿ ಶಾರದಾಂಬೆ ದೇವಸ್ಥಾನದ ಸ್ನಾನಘಟ್ಟದ ಮೀನು ನೀವೆಲ್ಲ ನೋಡಿದ್ದೀರಿ. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ, ಹಾಗಾಗಿ ಮಂಡಕ್ಕಿ ಎಸೆದರೆ ಕಾಲ ಹತ್ತಿರವೇ ಬರ್ತಾವೆ. ಹೊಳೆ ದಾಟಿದರೆ ನರಸಿಂಹವನ. ಪಾರ್ಕು ಅಂತ ಬೋರ್ಡಿಲ್ಲ, ಆದರೂ ನಮ್ಮ ಮೂರು ತಾಲೂಕಿನಲ್ಲಿ ಅಷ್ಟು ತಂಪಾದ ಜಾಗ ಇನ್ನೊಂದಿಲ್ಲ. ಮರ ಇದೆ, ನೀರು ಇದೆ, ಗದ್ದಲ ಮಾಡಬಾರದು ಎಂಬ ಭಯ ಇದೆ. ಈ ಕಡೆ ದಂಡೆಯ ಗಾಂಧಿ ಮೈದಾನದಲ್ಲಿ ಟೂರಿಸ್ಟ್ ಬಸ್ಸು ನಿಲ್ಲಿಸ್ತಾರೆ. ಮಳೆಗಾಲದಲ್ಲಿ ತುಂಗೆ ಏರಿದರೆ ಆ ಮೈದಾನ ಮುಳುಗ್ತದೆ. ಹೊಳೆಗೆ ತನ್ನ ಜಾಗ ಯಾವುದೆಂದು ಗೊತ್ತಿದೆ, ಪಹಣಿ ನೋಡಬೇಕಾಗಿಲ್ಲ.

ಈಗ ಎನ್.ಆರ್.ಪುರಕ್ಕೆ ಬರೋಣ. ಆ ಊರಿನ ಹಳೇ ಹೆಸರು ಎಡೇಹಳ್ಳಿ. 1915ರಲ್ಲಿ ಮೈಸೂರಿನ ಯುವರಾಜರಾದ ಕಂಠೀರವ ನರಸಿಂಹರಾಜ ಒಡೆಯರು ಬಂದುಹೋದ ನೆನಪಿಗೆ ನರಸಿಂಹರಾಜಪುರ ಅಂತ ಹೆಸರಿಟ್ಟರು. ಹಳಬರ ಬಾಯಲ್ಲಿ ಎಡೇಹಳ್ಳಿ ಇನ್ನೂ ಪೂರ್ತಿ ಸತ್ತಿಲ್ಲ. ಆಗ ತರೀಕೆರೆಯಿಂದ ಎನ್.ಆರ್.ಪುರಕ್ಕೆ ಎರಡಡಿ ಅಗಲದ ಹಳಿಯ ಪುಟ್ಟ ರೈಲು ಓಡ್ತಿತ್ತು. ಕಾಡಿನ ಮರ ಸಾಗಿಸುವುದು ಅದರ ದೊಡ್ಡ ಕೆಲಸ, ಜನವೂ ಹತ್ತುತ್ತಿದ್ದರು. ಕೊಪ್ಪ, ಶೃಂಗೇರಿಯವರಿಗೆ ರೈಲು ಅಂದ್ರೆ ಅದೊಂದೇ. ಈಗ ನಮ್ಮ ಮೂರು ತಾಲೂಕಿನಲ್ಲಿ ಒಂದು ಅಡಿ ರೈಲು ಹಳಿಯೂ ಇಲ್ಲ.

ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕೆಲಸ ಶುರುವಾಗಿ 1960ರ ದಶಕದಲ್ಲಿ ಮುಗೀತು. 186 ಅಡಿ ನೀರು ನಿಲ್ಲುವ ಅಣೆಕಟ್ಟು, ಹಿಡಿಯುವುದು 71.5 ಟಿಎಂಸಿ. ಆ ನೀರಿನಿಂದ ಭದ್ರಾವತಿ, ಚನ್ನಗಿರಿ, ದಾವಣಗೆರೆ, ಹರಿಹರದ ಕಡೆ ಭತ್ತ, ಕಬ್ಬು, ಅಡಿಕೆ ಎಲ್ಲಾ ಆಯ್ತು. ಒಂದು ಲಕ್ಷ ಹೆಕ್ಟೇರ್ ಮೇಲ್ಪಟ್ಟು ಭೂಮಿಗೆ ನೀರು ಹೋಯ್ತು. ಅವರು ಉದ್ಧಾರವಾಗಲಿ, ನಮ್ಮದೇನೂ ಹೊಟ್ಟೆಕಿಚ್ಚಿಲ್ಲ. ಆದರೆ ನೀರು ನಿಂತಿದ್ದು ಎಲ್ಲಿ? ಎನ್.ಆರ್.ಪುರದ ಬಯಲುಗದ್ದೆಗಳ ಮೇಲೆ. ಊರು ಮುಳುಗಿತು, ತೋಟ ಮುಳುಗಿತು, ದೇವಸ್ಥಾನ ಮುಳುಗಿತು, ಆ ಪುಟ್ಟ ರೈಲಿನ ದಾರಿಯೂ ಮುಳುಗಿತು. ಯಾರೂ ಹೇಳದ ಇನ್ನೊಂದು ಸಂಗತಿ ಇದೆ. ಆ ಊರುಗಳ ಕೆರೆಗಳೂ ಮುಳುಗಿದವು. ನೀರು ಹಿಡಿಯಲೆಂದೇ ಅಜ್ಜಂದಿರು ಕಟ್ಟಿದ ಏರಿ ಈಗ ನೀರಿನ ಅಡಿಯಲ್ಲಿದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಲ್ಲಿ ಹುಲ್ಲು ಚಿಗುರಿ ದನ ಮೇಯ್ತಾವೆ, ಹಳೇ ಗದ್ದೆಯ ಅಂಚು ಗೆರೆ ಎಳೆದ ಹಾಗೆ ಕಾಣ್ತದೆ. ಒಂದು ಸಲ ಅಲ್ಲಿಗೆ ನಮ್ಮ ಜೊತೆ ಬಂದ ಹಿರಿಯರೊಬ್ಬರು ಅಂಚಿನ ಮೇಲೆಯೇ ನಡೆದರು, ಬಯಲಿಗೆ ಇಳಿಯಲಿಲ್ಲ. ಗದ್ದೆ ತುಳಿಯಬಾರದು ಎಂಬ ಅಭ್ಯಾಸ ಕಾಲಿಗೆ ಬಿಟ್ಟಿರಲಿಲ್ಲ.

ಆ ಹಿನ್ನೀರು ಈಗ ಪ್ರವಾಸಿ ತಾಣ. ಬೇಸಿಗೆಯಲ್ಲಿ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಎಂಬ ಬೆಳ್ಳಿಬಣ್ಣದ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆ ಇಡ್ತಾವೆ. ಅದನ್ನು ನೋಡಲು ಬೆಂಗಳೂರಿನವರು ದುಡ್ಡು ಕೊಟ್ಟು ದೋಣಿ ಹತ್ತುತ್ತಾರೆ. ಸುತ್ತಲಿನ ಕಾಡು 1974ರಿಂದ ಭದ್ರಾ ಅಭಯಾರಣ್ಯ, 1998ರಿಂದ ಹುಲಿ ಯೋಜನೆಗೆ ಸೇರಿದೆ. ಒಳ್ಳೆಯದೇ. ಆದರೆ ಕಣ್ಣೆದುರು ಸಮುದ್ರದ ಹಾಗೆ ನೀರಿದ್ದೂ ದಂಡೆಯ ಮೇಲಿನ ಹಳ್ಳಿಯವರು ಏಪ್ರಿಲ್‌ನಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವುದನ್ನೂ ನಾವು ನೋಡಿದ್ದೇವೆ.

ಇನ್ನೊಂದು ಲೆಕ್ಕ ಕೇಳಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.40 ಟಿಎಂಸಿ ನೀರನ್ನು ಪಂಪಿನಲ್ಲಿ ಎತ್ತಿ ಭದ್ರೆಗೆ ಹಾಕುವುದು, ಭದ್ರೆಯಿಂದ 29.90 ಟಿಎಂಸಿ ಎತ್ತಿ ಅಜ್ಜಂಪುರದ ಹತ್ತಿರದ ಸುರಂಗದ ಮೂಲಕ ಚಿತ್ರದುರ್ಗ, ತುಮಕೂರು, ದಾವಣಗೆರೆ ಮತ್ತು ನಮ್ಮದೇ ಜಿಲ್ಲೆಯ ಬಯಲು ತಾಲೂಕುಗಳಿಗೆ ಕೊಡುವುದು ಅಂತ ಇದೆ. ಅದರಲ್ಲಿ 367 ಕೆರೆ ತುಂಬಿಸುವುದೂ ಸೇರಿದೆ. ಅಂದ್ರೆ ನಮ್ಮ ಹೊಳೆಯ ನೀರಿನಲ್ಲಿ ಬಯಲುಸೀಮೆಯ ಕೆರೆ ತುಂಬ್ತದೆ. ಅಲ್ಲಿಯವರು ಕೆರೆಗಾಗಿ ವರ್ಷಗಟ್ಟಲೆ ಹೋರಾಟ ಮಾಡಿದರು, ಬೀದಿಗೆ ಇಳಿದರು, ಪಡೆದರು. ನಾವು? ಆಕಾಶದಿಂದ ಪುಕ್ಕಟೆ ಬೀಳುವ ನೀರಿಗೆ ಇರುವ ಕೆರೆಯಲ್ಲಿ ಹೂಳು ತುಂಬಿಸಿಕೊಂಡು ಕೂತಿದ್ದೇವೆ.

ಹೂಳು ಯಾಕೆ ತುಂಬಿತು ಅನ್ನುವುದಕ್ಕೆ ಒಬ್ಬರನ್ನೇ ಬೈದು ಪ್ರಯೋಜನವಿಲ್ಲ. ಮೊದಲು ಕೆರೆಯ ಮೇಲ್ಗಡೆ ಸೊಪ್ಪಿನಬೆಟ್ಟ ಇತ್ತು, ದರಗು ಇತ್ತು, ಮಳೆಯ ನೀರು ಸೋಸಿ ಬರ್ತಿತ್ತು. ಆಮೇಲೆ ರಸ್ತೆ ಅಗಲ ಆಯ್ತು, ಜೆಸಿಬಿ ಬಂತು, ಧರೆ ಕಡಿದ ಮಣ್ಣು ಆರಿದ್ರಾ ಮಳೆಗೆ ನೇರ ಕೆರೆಗೆ ಇಳೀತು. ಇನ್ನೊಂದು ಕಾರಣ ಗದ್ದೆ ಹೋಗಿದ್ದು. ನಾವು ಶಾಲೆಗೆ ಹೋಗುವ ಕಾಲದಲ್ಲಿ ಕೆರೆಯ ಕೆಳಗೆ ಪೂರ್ತಿ ಭತ್ತದ ಗದ್ದೆ. ಮಳೆಗಾಲಕ್ಕೆ ಮುಂಚೆ ಮನೆಗೊಬ್ಬ ಆಳು ಬಂದು ತೂಬು, ಕಾಲುವೆ ಚೊಕ್ಕ ಮಾಡ್ತಿದ್ದರು. ನೀರು ಬಿಡುವುದಕ್ಕೆ ಸರದಿ ಇತ್ತು. ಸರದಿ ತಪ್ಪಿಸಿದರೆ ಜಗಳವೂ ಇತ್ತು, ಪಂಚಾಯ್ತಿಯೂ ಇತ್ತು. ಮುಂಗಾರಿನ ಮೊದಲ ಮಳೆಗೆ ಹಳ್ಳದಿಂದ ಹತ್ತುಮೀನು ಗದ್ದೆಯ ಮೇಲೆ ಹಾರಿಹಾರಿ ಕೆರೆಯ ಕೋಡಿಯವರೆಗೂ ಬರ್ತಿತ್ತು. ಸಾಗರ, ಸೊರಬದ ಕಡೆ ಬೇಸಿಗೆಯಲ್ಲಿ ಕೆರೆಬೇಟೆ ಮಾಡ್ತಾರಲ್ಲ, ಊರಿಗೆ ಊರೇ ಕೂಣಿ ಹಿಡಿದು ಕೆರೆಗೆ ಇಳಿಯುವುದು, ಅದರಲ್ಲಿ ಮೀನೂ ಸಿಗ್ತದೆ, ಕೆರೆಯ ತಳವೂ ಕದಡ್ತದೆ.

ಗದ್ದೆಯನ್ನು ತೋಟ ಮಾಡಿದ್ದು ತಪ್ಪು ಅಂತ ನಾವು ಹೇಳುವುದಿಲ್ಲ. ಭತ್ತ ಬೆಳೆದವನಿಗೆ ಆಳಿನ ಕೂಲಿ ಹುಟ್ಟುತ್ತಿರಲಿಲ್ಲ, ಹಂದಿ ಬಿಟ್ಟದ್ದು ಅವನಿಗೆ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ಬಂದು ಹಳೇ ತೋಟಗಳು ಹೋದವು, ಈಚೆಗೆ ಎಲೆಚುಕ್ಕಿ ರೋಗ ಬೇರೆ. ಇದ್ದ ಗದ್ದೆಗೆ ಅಡಿಕೆ ಇಟ್ಟು ಸಾಲ ತೀರಿಸಿದವರು ಈ ಸಭೆಯಲ್ಲೇ ಎಷ್ಟೋ ಜನ ಇದ್ದೀರಿ, ಸಂಘದ ಲೆಡ್ಜರ್ ನೋಡಿದವರಿಗೆ ಗೊತ್ತು. ಆದರೆ ಗದ್ದೆ ಅಂದ್ರೆ ಅದೇ ಒಂದು ತೆಳು ಕೆರೆ. ನಾಲ್ಕು ತಿಂಗಳು ನೀರು ನಿಂತು ಭೂಮಿಗೆ ಇಂಗ್ತಿತ್ತು. ತೋಟದಲ್ಲಿ ಕಪ್ಪು ತೋಡಿ ಆ ನೀರನ್ನು ಹೊರಗೆ ಹಾಕ್ತೇವೆ. ಮೇಲೆ ಕೆರೆಯ ತೂಬು ಯಾರಿಗೂ ಬೇಡವಾಯ್ತು. ಬೇಡವಾದ ತೂಬಿಗೆ ಕಲ್ಲು ಬಿತ್ತು, ಕಲ್ಲಿನ ಮೇಲೆ ಮುಳ್ಳು ಬೆಳೀತು. ನೀರು ಬೇಕಾದವರು ಬೋರು ಕೊರೆಸಿದರು. 2023ರಲ್ಲಿ ಸರ್ಕಾರ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಣೆ ಮಾಡಿದಾಗ ಮಲೆನಾಡಿನಲ್ಲೂ ಬರವೇ ಅಂತ ಪೇಟೆಯವರು ಆಶ್ಚರ್ಯಪಟ್ಟರು. ಆ ಬೇಸಿಗೆ ಬೋರಿನಲ್ಲಿ ಗಾಳಿ ಬಂದದ್ದು ಕೇಳಿದವರಿಗೆ ಆಶ್ಚರ್ಯವಾಗಲಿಲ್ಲ.

ಈಗ ನಮ್ಮೂರ ಕೆರೆಯ ವಿಷಯ. ಇದನ್ನು ಹೇಳಲಿಕ್ಕೇ ನಾವು ಎದ್ದು ನಿಂತದ್ದು ಅಂತ ನಿಮಗೆ ಆಗಲೇ ಗೊತ್ತಾಗಿದೆ. ಕೆರೆಗೆ ಏನಾದರೂ ಮಾಡಬೇಕು ಅನ್ನುವುದರಲ್ಲಿ ಎಲ್ಲರದೂ ಒಂದೇ ಮಾತು. ಏನು ಮಾಡಬೇಕು ಅನ್ನುವುದರಲ್ಲಿ ಎರಡು ಪಕ್ಷ. ಒಂದು ಪಕ್ಷದವರು ಪಾರ್ಕು ಮಾಡೋಣ ಅಂತಾರೆ. ಸುತ್ತ ಇಂಟರ್‌ಲಾಕ್ ಹಾಕಿ ವಾಕಿಂಗ್ ದಾರಿ, ಬೆಂಚು, ದೀಪ, ನಡುವೆ ಒಂದು ಕಾರಂಜಿ, ಮಕ್ಕಳಿಗೆ ಜಾರುಬಂಡೆ. ಅವರದು ಕೆಟ್ಟ ಮನಸ್ಸಲ್ಲ. ಮಕ್ಕಳಿಗೆ ಆಡಲು ಜಾಗ ಇಲ್ಲ, ಸಂಜೆ ಹೆಂಗಸರು ಕೂತು ಮಾತಾಡಲು ಜಾಗ ಇಲ್ಲ ಅನ್ನುವುದು ಖರೆ. ಆದರೆ ದಾರಿ ಹಾಕಲು ಕೆರೆಯ ಒಳಗೆ ಹತ್ತು ಹನ್ನೆರಡು ಅಡಿ ಮಣ್ಣು ತುಂಬಬೇಕು. ಸುತ್ತಲೂ ತುಂಬಿದರೆ ಕೆರೆ ಎಷ್ಟು ಉಳೀತು? ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳೀತೀವಲ್ಲ, ಅದು ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಅವನ್ನೂ ಒಂದೇ ದಿನದಲ್ಲಿ ಯಾರೂ ಮುಚ್ಚಲಿಲ್ಲ.

ಪೇಟೆಯವರು ಕೆರೆಯನ್ನು ನೋಡುವುದಕ್ಕೆ ಇಟ್ಟುಕೊಳ್ತಾರೆ. ನಮಗೆ ಅದು ಕೆಲಸ ಮಾಡಬೇಕು. ಒಂದು ಸರಳ ಲೆಕ್ಕ ಮಾಡಿದ್ದೇವೆ, ನಮ್ಮ ಮಗಳ ಕೈಯಲ್ಲಿ ಸರಿನೋಡಿಸಿದ್ದೇವೆ. ಒಂದು ಎಕರೆ ಜಾಗದಲ್ಲಿ ಒಂದು ಅಡಿ ನೀರು ನಿಂತರೆ 12 ಲಕ್ಷ 33 ಸಾವಿರ ಲೀಟರ್. ಮೂರು ಎಕರೆ ಕೆರೆಯಲ್ಲಿ ನಾಲ್ಕು ಅಡಿ ಹೂಳು ತೆಗೆದರೆ ಹೆಚ್ಚಿಗೆ ನಿಲ್ಲುವ ನೀರು ಸುಮಾರು ಒಂದು ಕೋಟಿ 48 ಲಕ್ಷ ಲೀಟರ್. ಅರ್ಧ ನೀರು ಇಂಗಿ, ಆರಿ ಹೋಯ್ತು ಅಂತ ಬಿಡಿ. ಇಂಗಿದ್ದು ಹಾಳಾಗಲಿಲ್ಲ, ಕೆಳಗಿನ ಬಾವಿಗೆ ಹೋಯ್ತು. ಉಳಿದ ಅರ್ಧದಲ್ಲಿ ಹನಿ ನೀರಾವರಿ ಮಾಡಿ ಮರಕ್ಕೆ ದಿನಕ್ಕೆ 20 ಲೀಟರಿನಂತೆ ನೂರು ದಿನ ಕೊಟ್ಟರೆ 3,700 ಅಡಿಕೆ ಮರ ಬದುಕ್ತಾವೆ. ಒಂಬತ್ತಡಿ ಅಂತರದ ತೋಟ ಆದರೆ ಹೆಚ್ಚುಕಮ್ಮಿ ಏಳು ಎಕರೆ. ಒಂದು ಬೋರಿನ ಖರ್ಚಿಗೆ ಇದನ್ನು ಹೋಲಿಸಿ ನೀವೇ ಹೇಳಿ.

ಹೂಳು ತೆಗೆಯುವುದೂ ಹುಡುಗಾಟವಲ್ಲ. ಅಷ್ಟು ಮಣ್ಣು ಅಂದ್ರೆ ನೂರು ಘನ ಅಡಿಯ ಟ್ರೈಲರಿನಲ್ಲಿ ಐದು ಸಾವಿರಕ್ಕೂ ಮೇಲೆ ಲೋಡು. ಹತ್ತು ಟ್ರ್ಯಾಕ್ಟರ್ ದಿನಕ್ಕೆ ಹದಿನೈದು ಟ್ರಿಪ್ ಹೊಡೆದರೂ ಮೂವತ್ತೈದು ದಿನ ಬೇಕು. ಕೆರೆ ಒಣಗುವುದು ಮಾರ್ಚ್ ಕೊನೆಗೆ, ಮೇ ಹೊತ್ತಿಗೆ ಗುಡುಗಿನ ಮಳೆ. ಆದ್ದರಿಂದ ಒಂದೇ ವರ್ಷ ಬೇಡ, ಮೂರು ಬೇಸಿಗೆ ಮಾಡೋಣ ಅಂತ ನಮ್ಮ ಸಲಹೆ. ಮಣ್ಣು ಎಲ್ಲಿ ಹಾಕುವುದು ಅಂತ ಕೇಳುವವರಿಗೆ, ತೋಟಕ್ಕೆ ಹೊಸಮಣ್ಣು ಹಾಕಲು ಗುಡ್ಡ ಕಡಿದು ತರ್ತೀವಲ್ಲ, ಅದಕ್ಕಿಂತ ಕೆರೆಗೋಡು ಮೇಲು. ಎರಡು ಎಚ್ಚರಿಕೆ ಬೇಕು. ಏರಿಯ ಬುಡದ ಹತ್ತಿರ ಜೆಸಿಬಿ ಬಾಯಿ ಹಾಕಬಾರದು, ಏರಿ ಕುಸೀತದೆ. ಕೆರೆಯ ತಳದ ಜೇಡಿ ಪದರ ಒಡೆಯಬಾರದು, ಒಡೆದರೆ ನೀರು ನಿಲ್ಲುವುದಿಲ್ಲ. ಜೆಸಿಬಿಯವನಿಗೆ ಗಂಟೆ ಲೆಕ್ಕ, ಅವನು ಅಗೆಯುತ್ತಲೇ ಹೋಗ್ತಾನೆ, ನಮ್ಮವರೊಬ್ಬರು ಪಕ್ಕದಲ್ಲಿ ನಿಂತಿರಲೇಬೇಕು.

ಸರ್ಕಾರದ ದಾರಿಯೂ ಇದೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆಗಳು ಪಂಚಾಯತಿಗೆ ಸೇರಿದವು, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ. ನಮ್ಮದು ಪಂಚಾಯತಿಯದು. ಉದ್ಯೋಗ ಖಾತರಿಯಲ್ಲಿ ಕೆರೆ ಕೆಲಸ ಮಾಡಿದ ಪಂಚಾಯತಿಗಳಿವೆ, 2022ರಲ್ಲಿ ಶುರುವಾದ ಅಮೃತ ಸರೋವರದಲ್ಲಿ ಜಿಲ್ಲೆಗೆ 75 ಕೆರೆಯ ಗುರಿ ಇತ್ತು, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ‘ನಮ್ಮೂರು ನಮ್ಮ ಕೆರೆ’ ಇದೆ. ಯಾರ ಹತ್ತಿರ ಹೋದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಕೆರೆಯ ಗಡಿ ಎಲ್ಲಿ?

ಇಲ್ಲಿಗೆ ಬಂದಾಗ ಸಭೆ ತಣ್ಣಗಾಗ್ತದೆ, ಈಗಲೂ ಆಯ್ತು ನೋಡಿ. ನಾಲ್ಕು ಸುತ್ತಿನಿಂದ ತೋಟದ ಬೇಲಿ ಕೆರೆಯೊಳಗೆ ಬಂದಿದೆ. ಯಾರದು ಅಂತ ನಾವು ಹೇಳುವುದಿಲ್ಲ. ಎಲ್ಲರೂ ನಮ್ಮ ಸಂಘದ ಷೇರುದಾರರೇ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವವರೇ. ಕೆಲವರಿಗೆ ಅಪ್ಪನ ಕಾಲದಲ್ಲೇ ಬೇಲಿ ಬಂದದ್ದು, ಅವರಿಗೆ ಅದು ಒತ್ತುವರಿ ಅಂತಲೂ ಗೊತ್ತಿಲ್ಲ. ಆದರೆ ಕಾನೂನು ಗೊತ್ತಿರಲಿ. ಊರಿನ ಕೆರೆ, ಗೋಮಾಳ ಒತ್ತುವರಿ ಮಾಡಿದವರನ್ನು ತೆರವು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಎಂಬುವರ ಮೊಕದ್ದಮೆಯಲ್ಲಿ ಎಲ್ಲಾ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿದೆ. ಎಷ್ಟು ವರ್ಷದಿಂದ ಇದ್ದೇನೆ, ಎಷ್ಟು ಖರ್ಚು ಮಾಡಿದ್ದೇನೆ ಅನ್ನುವುದು ಸಬೂಬು ಆಗುವುದಿಲ್ಲ ಅಂತಲೂ ಹೇಳಿದೆ. ತಹಸೀಲ್ದಾರರು ಪೊಲೀಸರ ಜೊತೆ ಬಂದು ಫಸಲಿನ ಮರ ಕಡಿಸುವುದಕ್ಕೂ, ನಾವೇ ಕೂತು ಮಾತಾಡಿ ಬೇಲಿ ಹಿಂದಕ್ಕೆ ಹಾಕಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಮೊದಲಿನದಕ್ಕೆ ಬಂದರೆ ಊರು ಎರಡಾಗ್ತದೆ, ಸಂಘವೂ ಎರಡಾಗ್ತದೆ. ಪಕ್ಕದ ಒಂದು ಊರಿನಲ್ಲಿ ಹಾಗೇ ಆಗಿದೆ. ಅಲ್ಲಿ ಈಗ ಎರಡು ಗಣಪತಿ ಕೂರಿಸ್ತಾರೆ.

ಸಹಕಾರ ಅಂದ್ರೆ ಸಾಲ ಗೊಬ್ಬರ ಮಾತ್ರವೇ? 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದಾಗಲೂ ಒಬ್ಬನಿಂದ ಆಗದ್ದನ್ನು ಹತ್ತು ಜನ ಸೇರಿ ಮಾಡೋಣ ಅಂತಲೇ ಕಟ್ಟಿದ್ದು. ಒಬ್ಬನ ಕೈಯಲ್ಲಿ ಆಗದ ಕೆಲಸಕ್ಕೆ ಕೆರೆಗಿಂತ ಬೇರೆ ಉದಾಹರಣೆ ಇಲ್ಲ. ಆಡಳಿತ ಮಂಡಳಿಯಲ್ಲಿ ನಾವು ಒಂದು ಮಾತು ಇಟ್ಟಿದ್ದೇವೆ. ಸಂಘದ ಲಾಭದಲ್ಲಿ ಸಾರ್ವಜನಿಕ ಹಿತಕ್ಕೆ ಅಂತ ತೆಗೆದಿಡುವ ಹಣದಿಂದ ಮೊದಲನೇ ಬೇಸಿಗೆಯ ಡೀಸೆಲ್ ಖರ್ಚು ಹಾಕುವುದು, ಉಳಿದದ್ದನ್ನು ಮಣ್ಣು ಒಯ್ಯುವವರಿಂದ ಲೋಡಿಗೆ ಇಂತಿಷ್ಟು ಅಂತ ಪಡೆಯುವುದು. ಪಾರ್ಕು ಬೇಕು ಅನ್ನುವವರಿಗೂ ಒಂದು ದಾರಿ ಇದೆ. ಏರಿಯ ಹೊರಬದಿಯಲ್ಲಿ ಪಂಚಾಯತಿಯ ಒಂದಷ್ಟು ಖಾಲಿ ಜಾಗ ಇದೆ, ಅಲ್ಲಿ ಬೆಂಚು ಹಾಕೋಣ, ನೇರಳೆ, ಹಲಸು, ಹೊಂಗೆ ನೆಡೋಣ. ಮಕ್ಕಳು ಅಲ್ಲಿ ಆಡಲಿ. ಕೆರೆಯೊಳಗೆ ಮಾತ್ರ ಒಂದು ಬುಟ್ಟಿ ಮಣ್ಣೂ ಬೇಡ. ಕೆಲವು ನಿರ್ದೇಶಕರು ಒಪ್ಪಿದ್ದಾರೆ, ಕೆಲವರು ಇನ್ನೂ ಯೋಚನೆ ಮಾಡ್ತಾ ಇದ್ದಾರೆ. ಅದು ಮಹಾಸಭೆಯಲ್ಲಿ ತೀರ್ಮಾನ ಆಗಬೇಕು, ನೀವು ಕೈ ಎತ್ತಬೇಕು.

ಅದಕ್ಕೂ ಮುಂಚೆ ಆಗಬೇಕಾದ್ದು ಸರ್ವೆ. ಕೆರೆಯ ಗಡಿ ಗುರುತು ಮಾಡಿಕೊಡಿ ಅಂತ ತಾಲೂಕು ಕಛೇರಿಗೆ ಕೊಡುವ ಅರ್ಜಿ ಬರೆದಿದ್ದೇವೆ. ಸಂಘದ ಕೌಂಟರಿನ ಮೇಲೆ ಇಟ್ಟಿದ್ದೇವೆ, ಓದಿ ಸಹಿ ಹಾಕಿ. ಕೆರೆ ಅಂಚಿನ ತೋಟದವರು ಮೊದಲು ಸಹಿ ಹಾಕಿದರೆ ಉಳಿದವರಿಗೆ ಧೈರ್ಯ ಬರ್ತದೆ. ಪಕ್ಕದಲ್ಲೇ ಇನ್ನೊಂದು ಪುಸ್ತಕ ಇದೆ, ಟ್ರ್ಯಾಕ್ಟರ್ ಇದ್ದವರು ಮಾರ್ಚ್ ತಿಂಗಳಲ್ಲಿ ಎಷ್ಟು ದಿನ ಕೊಡ್ತೀರಿ ಅಂತ ಬರೆಯಬೇಕು. ಊಟಕ್ಕೆ ಎಲೆ ಹಾಕಿದ್ದಾರೆ ಅಂತ ಆಚೆಯಿಂದ ಸನ್ನೆ ಮಾಡ್ತಾ ಇದ್ದಾರೆ. ಊಟ ಮುಗಿಸಿ ಹೋಗುವಾಗ ಕೌಂಟರ್ ತೆರೆದಿರ್ತದೆ, ಪೆನ್ನೂ ಇಟ್ಟಿದ್ದೇವೆ.